ತೊಳೆದ ಫಿಲ್ಟರು, ಸತ್ತ ಮೀನು: ಮುಂಬೈ ಕೊಳಗಳು ಕಲಿಸಿದ ಪಾಠ

ಈ ವಾರದ ಮಾತನ್ನು ವಿಡಿಯೊದಲ್ಲಿ ನೋಡೋಕೆ ಪುರಸೊತ್ತಿಲ್ಲದವರಿಗೆ, ಲೋಕಲ್ ಟ್ರೈನಿನಲ್ಲಿ ಒಂದು ಕೈಲಿ ಹಿಡಿ ಹಿಡ್ಕೊಂಡು ಇನ್ನೊಂದು ಕೈಲಿ ಮೊಬೈಲ್ ಓದೋರಿಗೆ, ಇದು ಅದರ ಬರಹ ರೂಪ. ಮಾತಿನಲ್ಲಿ ಓಡಿಸಿಬಿಟ್ಟ ಕೆಲವು ಇಸವಿ, ಅಂಕಿಗಳನ್ನು ಇಲ್ಲಿ ನಿಧಾನವಾಗಿ ಬರೆದಿದ್ದೀನಿ.

ಪೊವಾಯಿ, ಠಾಣೆ, ಗೋರೆಗಾಂವ್, ಐರೋಲಿ ಕಡೆ ನಮ್ಮ ಐಟಿ ಮಂದಿ ಇರುವ ಹೌಸಿಂಗ್ ಸೊಸೈಟಿಗಳಲ್ಲಿ ಎಷ್ಟೋ ಕಡೆ ಗಾರ್ಡನ್ ನಡುವೆ ಒಂದು ಸಣ್ಣ ಕೊಳ ಇರುತ್ತೆ. ನಾಲ್ಕು ತಾವರೆ, ಒಂದಿಷ್ಟು ಕೋಯಿ ಮೀನು, ಒಂದು ಪಂಪು, ಗಿಡದ ಹಿಂದೆ ಅಡಗಿಸಿಟ್ಟ ಫಿಲ್ಟರ್ ಡಬ್ಬ. ನೀರು ಹಸಿರಾಯ್ತು ಅಂತ ಯಾರೋ ವಾಟ್ಸ್ಯಾಪ್ ಗ್ರೂಪಿಗೆ ಫೋಟೊ ಹಾಕ್ತಾರೆ. ಮರುದಿನ ಹೌಸ್‌ಕೀಪಿಂಗ್ ಹುಡುಗ ಬರ್ತಾನೆ. ಫಿಲ್ಟರ್ ಬಿಚ್ಚಿ, ಒಳಗಿನ ಸ್ಪಂಜು, ಕಲ್ಲು, ಪ್ಲಾಸ್ಟಿಕ್ ಉಂಡೆ ಎಲ್ಲವನ್ನೂ ಕೊಳಾಯಿ ನೀರಲ್ಲಿ ಪಳಪಳ ಅನ್ನೋ ಹಾಗೆ ತಿಕ್ಕಿ ತೊಳೆದು ಜೋಡಿಸಿಡ್ತಾನೆ. ಎಲ್ಲರಿಗೂ ಸಮಾಧಾನ. ಮೂರ್ನಾಲ್ಕು ದಿನಕ್ಕೆ ಮೀನುಗಳು ಹೊಟ್ಟೆ ಮೇಲಾಗಿ ತೇಲ್ತವೆ.

ಫಿಲ್ಟರ್ ಕೊಳಕಾಗಿದ್ದಾಗ ಬದುಕಿದ್ದ ಮೀನು, ಅದು ಶುಚಿಯಾದ ಮೇಲೆ ಯಾಕೆ ಸತ್ತವು? ಬೈಗುಳ ಯಾರಿಗೆ ಬೀಳುತ್ತೆ ಅಂತ ನಿಮಗೆ ಗೊತ್ತು, ಆ ಹುಡುಗನಿಗೇ. ಆದರೆ ಅವನು ಮಾಡಿದ್ದು ಹೇಳಿದ ಕೆಲಸ, ಅದೂ ಚೆನ್ನಾಗಿ. ಈ ಪ್ರಶ್ನೆ ಹಿಡ್ಕೊಂಡು ಹೊರಟರೆ ಮುಂಬೈ ನೀರಿನ ಇಡೀ ಚರಿತ್ರೆಯೊಳಗೆ ಒಂದು ಸುತ್ತು ಹಾಕಿ ಬರಬಹುದು. ಈ ಊರು ಇದೇ ಪಾಠವನ್ನು ಮುನ್ನೂರು ವರ್ಷದಲ್ಲಿ ಹಲವು ಸಲ ಕಲಿತಿದೆ, ಹಲವು ಸಲ ಮರೆತಿದೆ.

ಫಿಲ್ಟರ್ ಅನ್ನೋದು ಜರಡಿ ಅಲ್ಲ

ಮೊದಲು ಡಬ್ಬದೊಳಗೆ ಏನು ನಡೆಯುತ್ತೆ ನೋಡೋಣ. ಕೊಳದ ಫಿಲ್ಟರ್‌ಗೆ ಎರಡು ಕೆಲಸ. ಮೊದಲನೆಯದು ಕಣ್ಣಿಗೆ ಕಾಣೋದು: ಎಲೆ, ಹೂಳು, ಮೀನಿನ ಹಿಕ್ಕೆಯನ್ನು ಸ್ಪಂಜು ತಡೆಯುತ್ತೆ. ಅಡುಗೆಮನೆಯ ಜರಡಿ ಮಾಡೋ ಕೆಲಸವೇ ಇದು. ಎರಡನೆಯದು ಕಾಣದ ಕೆಲಸ. ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯ ಬಿಡುತ್ತೆ. ಉಳಿದ ಆಹಾರ, ಕೊಳೆತ ಎಲೆಯಿಂದಲೂ ಅಮೋನಿಯ ಬರುತ್ತೆ. ಇದು ಮೀನಿಗೆ ವಿಷ, ಯಾವ ಜರಡಿಗೂ ಸಿಗಲ್ಲ, ನೀರಲ್ಲಿ ಕರಗಿರುತ್ತೆ. ಫಿಲ್ಟರಿನ ಕಲ್ಲು, ಸ್ಪಂಜಿನ ಮೇಲೆ ಲೋಳೆಯ ಹಾಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯವನ್ನು ನೈಟ್ರೈಟ್ ಮಾಡ್ತವೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡ್ತವೆ. ನೈಟ್ರೇಟ್ ಅಷ್ಟು ಅಪಾಯಕಾರಿ ಅಲ್ಲ, ತಾವರೆ ಗಿಡಕ್ಕೆ ಅದೇ ಗೊಬ್ಬರ.

ಇದು ಜೀವಿಗಳು ಮಾಡೋ ಕೆಲಸ ಅಂತ ಗೊತ್ತಾಗಿದ್ದು 1877ರಲ್ಲಿ. ಫ್ರಾನ್ಸಿನಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಅನ್ನೋ ಇಬ್ಬರು ಒಂದು ಗಾಜಿನ ಕೊಳವೆಗೆ ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿ, ಅದರ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಮೊದಲ 20 ದಿನ ಏನೂ ಆಗಲಿಲ್ಲ. ಅಮೋನಿಯ ಹಾಗೇ ಬಂತು, ಹಾಗೇ ಹೋಯ್ತು. ಆಮೇಲೆ ಇದ್ದಕ್ಕಿದ್ದಂತೆ ನೈಟ್ರೇಟ್ ಕಾಣಿಸಿಕೊಳ್ತು. ಮರಳು ರಾಸಾಯನಿಕವಾಗಿ ಕೆಲಸ ಮಾಡೋದಾದರೆ ಮೊದಲ ದಿನವೇ ಮಾಡಬೇಕಿತ್ತು ತಾನೆ? ಅವರು ಕೊಳವೆಗೆ ಕ್ಲೋರೊಫಾರ್ಮ್ ಆವಿ ಬಿಟ್ಟರು. ಕೆಲಸ ನಿಂತುಹೋಯ್ತು. ಕ್ಲೋರೊಫಾರ್ಮ್ ತೆಗೆದು ಒಂದಿಷ್ಟು ಮಣ್ಣು ತೊಳೆದ ನೀರು ಹಾಕಿದರು. ಕೆಲವು ದಿನದ ಮೇಲೆ ಮತ್ತೆ ಶುರುವಾಯ್ತು. ಅಂದರೆ ಮರಳಿನೊಳಗೆ ಯಾರೋ ಸಂಸಾರ ಹೂಡಿದ್ದಾರೆ. 1890ರ ಹೊತ್ತಿಗೆ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನೇ ಬೇರ್ಪಡಿಸಿ ತೋರಿಸಿದ.

ಈಗ ನಮ್ಮ ಸೊಸೈಟಿ ಕೊಳಕ್ಕೆ ಬನ್ನಿ. ಹುಡುಗ ತಿಕ್ಕಿ ತೊಳೆದದ್ದು ಕೊಳೆಯನ್ನಲ್ಲ, ಆ ಸಂಸಾರವನ್ನ. ಮುಂದಿನ ಮೂರ್ನಾಲ್ಕು ವಾರ ಆ ಫಿಲ್ಟರ್ ಬರೀ ಜರಡಿ. ಮೀನು ಮಾತ್ರ ಎಂದಿನಂತೆ ಅಮೋನಿಯ ಬಿಡ್ತಾನೇ ಇರುತ್ತೆ. ಉತ್ತರ ಇಷ್ಟೇ. ಆದರೆ ಉತ್ತರ ಗೊತ್ತಿದ್ದರೂ ಕೊಳ ಉಳಿಯಲ್ಲ. ಅದಕ್ಕೇ ಚರಿತ್ರೆ ಬೇಕು.

ಬಾಣಗಂಗಾ: ಹರಿಯುವ ನೀರೇ ಫಿಲ್ಟರು

ಮುಂಬೈನಲ್ಲಿ ಇವತ್ತಿಗೂ ಬದುಕಿರುವ ಹಳೇ ಕೊಳ ಅಂದರೆ ವಾಲ್ಕೇಶ್ವರದ ಬಾಣಗಂಗಾ. ಸಮುದ್ರದಿಂದ ಕೂಗಳತೆ ದೂರ, ಆದರೂ ಸಿಹಿನೀರು, ಯಾಕಂದರೆ ಅಡಿಯಲ್ಲಿ ಒರತೆ ಇದೆ. ಸೀತೆಯನ್ನು ಹುಡುಕಿಕೊಂಡು ಬಂದಾಗ ಬಾಣ ಬಿಟ್ಟು ನೀರು ತರಿಸಿದರು ಅನ್ನೋ ಐತಿಹ್ಯ ನೀವೂ ಕೇಳಿರ್ತೀರಿ. ಈಗ ಕಾಣುವ ದೇಗುಲ, ಕೊಳದ ರೂಪಕ್ಕೆ ಕಾರಣ ಗೌಡ ಸಾರಸ್ವತ ವ್ಯಾಪಾರಿ ರಾಮ ಕಾಮತ್, 1715ರ ಹೊತ್ತಿಗೆ. ಕೊಳ ಇವತ್ತಿಗೂ ಆ ಸಮಾಜದ ದೇವಸ್ಥಾನ ಟ್ರಸ್ಟಿನದ್ದೇ. ಮಂಗಳೂರು, ಕುಮಟಾ ಕಡೆಯಿಂದ ಬಂದವರಿಗೆ ಅಲ್ಲಿನ ಕಾಶಿ ಮಠದ ಹೆಸರು ಹೊಸದೇನಲ್ಲ.

ಎಂಜಿನಿಯರ್ ಕಣ್ಣಿಂದ ನೋಡಿದರೆ ಬಾಣಗಂಗಾದಲ್ಲಿ ಪಂಪಿಲ್ಲ, ಸ್ಪಂಜಿಲ್ಲ. ಒರತೆಯಿಂದ ಹೊಸ ನೀರು ಬರುತ್ತೆ, ಹೆಚ್ಚಾದದ್ದು ಸಮುದ್ರದ ಕಡೆ ಹೋಗುತ್ತೆ. ನಮ್ಮ ಕೆರೆಗಳಿಗೆ ಕೋಡಿ ಇದ್ದ ಹಾಗೆ. ಮೆಟ್ಟಿಲ ಕಲ್ಲಿನ ಮೇಲೆ ಕೂತ ಪಾಚಿ, ಲೋಳೆಯೇ ಇಲ್ಲಿ ಬ್ಯಾಕ್ಟೀರಿಯಾದ ಮನೆ. ಸಾಮಾನ್ಯ ದಿನಗಳಲ್ಲಿ ಲೆಕ್ಕ ಸರಿಹೋಗುತ್ತೆ. ಪಿತೃಪಕ್ಷ ಬಂದಾಗ ತಪ್ಪುತ್ತೆ. ಆ ಹದಿನೈದು ದಿನ ಜನ ಬಂದು ಪಿಂಡ, ಅನ್ನ, ಹಿಟ್ಟು, ಹೂವು ನೀರಿಗೆ ಬಿಡ್ತಾರೆ. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಬಾಣಗಂಗಾದಲ್ಲಿ ಮೀನು ರಾಶಿ ರಾಶಿ ಸತ್ತ ಸುದ್ದಿ ಪತ್ರಿಕೆಗಳಲ್ಲಿ ಹಲವು ವರ್ಷ ಬಂದಿದೆ.

ಇದರಲ್ಲಿ ಭಕ್ತಿಯನ್ನು ಬೈಯೋಕೆ ಏನಿಲ್ಲ, ಲೆಕ್ಕ ನೋಡಬೇಕು ಅಷ್ಟೇ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತೆ. 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ಮುಂಬೈ ನೀರಿಗೆ ಆಮ್ಲಜನಕದ ಸಂಬಳ ಮೊದಲೇ ಕಡಿಮೆ ಅಂದ ಹಾಗಾಯ್ತು. ಅನ್ನ ಕೊಳೆಯುವಾಗ ಅದನ್ನು ತಿನ್ನುವ ಬ್ಯಾಕ್ಟೀರಿಯಾ ಇರೋ ಆಮ್ಲಜನಕವನ್ನೆಲ್ಲ ಖರ್ಚು ಮಾಡಿಬಿಡ್ತವೆ. ಮೀನು ಉಸಿರುಗಟ್ಟಿ ಸಾಯುತ್ತೆ. ಭಾನುವಾರ ಸಂಜೆ ಮಕ್ಕಳೆಲ್ಲ ಸೇರಿ ಸೊಸೈಟಿ ಕೊಳಕ್ಕೆ ಬ್ರೆಡ್ಡು ಹಾಕ್ತಾರಲ್ಲ, ಅದೂ ಸಣ್ಣ ಪ್ರಮಾಣದ ಇದೇ ಕಥೆ. ಆದ್ದರಿಂದ ಫಿಲ್ಟರ್ ನಿರ್ವಹಣೆಯ ಮೊದಲ ಪಾಠ ಫಿಲ್ಟರಿನ ಹೊರಗಿದೆ: ಒಳಗೆ ಏನು ಹೋಗುತ್ತೆ ಅನ್ನೋದನ್ನು ಮೊದಲು ಹಿಡಿತಕ್ಕೆ ತನ್ನಿ.

ಹೆಸರು ಉಳಿಸಿ ಹೋದ ಕೆರೆಗಳು

ದಕ್ಷಿಣ ಮುಂಬೈನ ಹೆಸರುಗಳನ್ನು ಒಮ್ಮೆ ಗಮನಿಸಿ. ಧೋಬಿ ತಲಾವ್. ಗೋವಾಲಿಯಾ ಟ್ಯಾಂಕ್. ಸಿ.ಪಿ. ಟ್ಯಾಂಕ್, ಅಂದರೆ ಕಾವಸ್‌ಜಿ ಪಟೇಲ್ ಟ್ಯಾಂಕ್. ದೋ ಟಾಂಕಿ. ಹೋಗಿ ನೋಡಿದರೆ ಎಲ್ಲೂ ಕೆರೆ ಇಲ್ಲ. 1942ರ ಆಗಸ್ಟಿನಲ್ಲಿ ಗಾಂಧೀಜಿ ‘ಭಾರತ ಬಿಟ್ಟು ತೊಲಗಿ’ ಕರೆ ಕೊಟ್ಟ ಮೈದಾನವೇ ಗೋವಾಲಿಯಾ ಟ್ಯಾಂಕ್. ದನ ಕಾಯುವವರು ನೀರು ಕುಡಿಸ್ತಿದ್ದ ಕೆರೆ ಅಷ್ಟು ಹೊತ್ತಿಗೆ ಮೈದಾನ ಆಗಿತ್ತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣ ಆಗಿದ್ದನ್ನು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಗಿದ್ದನ್ನು ಬಲ್ಲ ನಮಗೆ ಇದು ಅರ್ಥವಾಗದ ಕಥೆಯೇನಲ್ಲ.

ಈ ಕೆರೆಗಳಲ್ಲಿ ಹಲವನ್ನು ಕಟ್ಟಿಸಿದ್ದು ದಾನಿಗಳು, ಬಹುಪಾಲು ಪಾರ್ಸಿ ಮತ್ತು ಹಿಂದೂ ವ್ಯಾಪಾರಿಗಳು. ಪುಣ್ಯದ ಕೆಲಸ. ಆದರೆ ಕಟ್ಟಿಸೋದಕ್ಕೆ ಸಿಗುವ ಪುಣ್ಯ, ಹೆಸರು, ಪ್ರತಿ ವರ್ಷ ಹೂಳು ಎತ್ತಿಸೋದಕ್ಕೆ ಸಿಗಲ್ಲ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ‘ಬಿತ್ತುವಟ್ಟ’, ‘ಕೆರೆಗೊಡಗೆ’ ಅಂತ ಬರುತ್ತೆ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯ ಅದು. ಹಳೇ ಮೈಸೂರು ಕಡೆ ತೂಬು ತೆಗೆದು ಮುಚ್ಚುವ, ನೀರು ಹಂಚುವ ಕೆಲಸಕ್ಕೆ ನೀರುಗಂಟಿ ಅಂತಲೇ ಒಬ್ಬ ಇರ್ತಿದ್ದ. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ಪ್ರಾಜೆಕ್ಟ್ ಬಜೆಟ್ ಜತೆಗೇ ಸಪೋರ್ಟ್ ಬಜೆಟ್ಟನ್ನೂ ಕಲ್ಲಿನಲ್ಲಿ ಕೆತ್ತಿ ಇಡ್ತಿದ್ದರು.

ಬೆಳೆಯುತ್ತಿದ್ದ ಮುಂಬೈನಲ್ಲಿ ಕೆರೆಗಳ ಸುತ್ತ ಜನ ಹೆಚ್ಚಿದರು, ನೀರು ಕೆಟ್ಟಿತು. ನಾರುಹುಣ್ಣು ಇಲ್ಲಿ ಮಾಮೂಲು ಕಾಯಿಲೆ ಆಗಿತ್ತು. ಉತ್ತರ ಕರ್ನಾಟಕದ ಹಳಬರಿಗೆ ಆ ಹೆಸರು ಕೇಳಿದರೇ ಮೈ ಜುಮ್ಮೆನ್ನುತ್ತೆ. ಕಾಲಿನ ಹುಣ್ಣಿನಿಂದ ದಾರದಂಥ ಹುಳು ಹೊರಬರುವ ಕಾಯಿಲೆ. ಮೆಟ್ಟಿಲು ಬಾವಿ, ಕೆರೆಗಳಲ್ಲಿ ಜನ ಕಾಲಿಟ್ಟಾಗ ಮರಿಗಳು ನೀರಿಗೆ ಸೇರ್ತವೆ, ಸೈಕ್ಲಾಪ್ಸ್ ಎಂಬ ನೀರಿನ ಚಿಕ್ಕ ಜೀವಿಯೊಳಗೆ ಬೆಳೀತವೆ, ಆ ನೀರು ಕುಡಿದವರ ಮೈ ಸೇರ್ತವೆ. ಇದಕ್ಕೆ ಬೇಕಿದ್ದ ಫಿಲ್ಟರ್ ಎಷ್ಟು ಸರಳ ಗೊತ್ತಾ? ಮಡಿಸಿದ ಒಂದು ತುಂಡು ಬಟ್ಟೆ. ಭಾರತ ಈ ಕಾಯಿಲೆಯಿಂದ ಪೂರ್ತಿ ಮುಕ್ತ ಅಂತ ಅಧಿಕೃತವಾಗಿ ಘೋಷಣೆ ಆಗಿದ್ದು 2000ದಲ್ಲಿ. ಅದರ ಹಿಂದೆ ಮೆಟ್ಟಿಲು ಬಾವಿಗಳ ಬದಲಿಗೆ ಬೋರ್‌ವೆಲ್, ಜತೆಗೆ ಮನೆಮನೆಯಲ್ಲಿ ಸೋಸುವ ಬಟ್ಟೆ ಇತ್ತು.

ಕೆರೆಗಳನ್ನು ನಂಬಿ ಊರು ನಡೆಯಲ್ಲ ಅಂತ ಆದಾಗ ಬ್ರಿಟಿಷ್ ಸರ್ಕಾರ ದೂರದಿಂದ ನೀರು ತರಲು ಹೊರಟಿತು. ಹೆನ್ರಿ ಕಾನಿಬೇರ್ ಯೋಜಿಸಿದ ವಿಹಾರ್ ಕೆರೆಯಿಂದ 1860ರಲ್ಲಿ ಕೊಳವೆ ನೀರು ಬಂತು. ಆಮೇಲೆ 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ. ಪೊವಾಯಿ ಕೆರೆಯೂ ಆ ಕಾಲದ್ದೇ, ಆದರೆ ಅದರ ನೀರು ಕುಡಿಯೋಕೆ ಲಾಯಕ್ಕಿಲ್ಲ ಅಂತಾಗಿ ಕೈಬಿಟ್ಟರು. ನಮ್ಮಲ್ಲಿ ಎಷ್ಟೋ ಜನ ದಿನಾ ಅದರ ದಂಡೆ ಮೇಲೇ ಆಫೀಸಿಗೆ ಹೋಗ್ತೀವಿ. ಕೊಳಾಯಿ ಬಂದ ಮೇಲೆ ಊರೊಳಗಿನ ಕೆರೆಗಳಿಗೆ ಬೆಲೆ ಇಲ್ಲದಂತಾಯ್ತು. ಒಂದೊಂದನ್ನೇ ಮುಚ್ಚಿದರು.

ಬಾವಿಗಳ ಸರದಿ ಬಂದದ್ದು ಮಲೇರಿಯಾದಿಂದ. ಡಾ. ಸಿ.ಎ. ಬೆಂಟ್ಲಿ 1911ರ ತಮ್ಮ ವರದಿಯಲ್ಲಿ ಮುಂಬೈನ ಮಲೇರಿಯಾಕ್ಕೆ ಕಾರಣ ಅನಾಫಿಲಿಸ್ ಸ್ಟೀಫೆನ್ಸಿ ಅನ್ನೋ ಸೊಳ್ಳೆ, ಅದು ಹುಟ್ಟೋದು ಮನೆ ಬಾವಿ, ನೀರಿನ ತೊಟ್ಟಿಗಳಲ್ಲಿ ಅಂತ ತೋರಿಸಿದರು. ಬಾವಿ ಮುಚ್ಚಿ ಅಂತ ಆಡಳಿತ ಹೊರಟಾಗ ಪಾರ್ಸಿಗಳು, ಹಿಂದೂಗಳು ವಿರೋಧಿಸಿದರು. ಬಾವಿ ಅವರಿಗೆ ಬರೀ ನೀರಿನ ಮೂಲ ಅಲ್ಲ, ಪೂಜೆಯ ಜಾಗ. ಕೆಲವು ಬಾವಿ ಮುಚ್ಚಿಹೋದವು, ಕೆಲವು ಮುಚ್ಚಳ ಹಾಕಿಕೊಂಡು ಉಳಿದವು. ಚರ್ಚ್‌ಗೇಟ್ ಹತ್ತಿರದ ಭೀಖಾ ಬೆಹ್ರಾಂ ಬಾವಿ 1725ರದ್ದು, ಇವತ್ತಿಗೂ ಸಿಹಿನೀರು ಕೊಡ್ತಿದೆ. ಅದಕ್ಕೆ ಒಂದು ಟ್ರಸ್ಟ್ ಇದೆ, ದಿನಾ ಬಂದು ನೋಡುವ ಜನ ಇದ್ದಾರೆ. ಉಳಿದದ್ದಕ್ಕೂ ಅಳಿದದ್ದಕ್ಕೂ ವ್ಯತ್ಯಾಸ ಅಷ್ಟೇ.

ತೋಟದ ಕೆಳಗಿನ ನೀರು

ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ಸ್‌ಗೆ ಹೋಗದ ಮುಂಬೈವಾಸಿ ಇಲ್ಲ. ಊರಿಂದ ಬಂದ ಅಪ್ಪ ಅಮ್ಮನನ್ನು ನಾವು ಮೊದಲು ಕರ್ಕೊಂಡು ಹೋಗೋದೇ ಅಲ್ಲಿಗೆ. ಪ್ರಾಣಿ ಆಕಾರದಲ್ಲಿ ಕತ್ತರಿಸಿದ ಗಿಡಗಳ ಕೆಳಗೆ, ಹುಲ್ಲಿನ ಅಡಿಯಲ್ಲಿ, ಕುಡಿಯುವ ನೀರಿನ ದೊಡ್ಡ ಜಲಾಶಯ ಇದೆ ಅಂತ ಎಷ್ಟು ಜನ ಗಮನಿಸಿದ್ದೀರಿ? 1880ರ ದಶಕದ ಕೆಲಸ ಅದು. ಪಕ್ಕದಲ್ಲೇ ಪಾರ್ಸಿಗಳ ದಖ್ಮಾ ಇರುವುದರಿಂದ ಹದ್ದುಗಳಿಂದ ನೀರು ಕೆಡಬಾರದು ಅಂತ ಮೇಲೆ ತೋಟ ಮಾಡಿದರು ಅನ್ನೋ ಮಾತಿದೆ. ಮಲಬಾರ್ ಹಿಲ್ ಮತ್ತು ಭಂಡಾರವಾಡಾ ಜಲಾಶಯಗಳ ಜತೆಗೆ ಆ ಕಾಲದಲ್ಲಿ ಮರಳಿನ ಫಿಲ್ಟರ್ ಬೆಡ್‌ಗಳೂ ಇದ್ದವು.

ಈ ಮರಳಿನ ಫಿಲ್ಟರ್ ನಮ್ಮ ಕೊಳದ ಡಬ್ಬದ ಮುತ್ತಜ್ಜ. ಸ್ಕಾಟ್ಲೆಂಡಿನ ಪೈಸ್ಲಿಯಲ್ಲಿ 1804ರಲ್ಲಿ ಜಾನ್ ಗಿಬ್ ಅನ್ನೋನು ತನ್ನ ಬಟ್ಟೆ ಕಾರ್ಖಾನೆಗೆ ಮಾಡಿಕೊಂಡದ್ದು, 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ಊರಿಗಾಗಿ ಕಟ್ಟಿದ್ದು. ಸುಮಾರು ಒಂದು ಮೀಟರ್ ಮರಳು, ಅಡಿಯಲ್ಲಿ ಜಲ್ಲಿ, ಮೇಲಿಂದ ನೀರು ನಿಧಾನವಾಗಿ ಇಳಿಯುತ್ತೆ. ಕೆಲವು ದಿನದಲ್ಲಿ ಮರಳಿನ ಮೇಲೆ ಲೋಳೆಯ ತೆಳು ಪದರ ಕಟ್ಟುತ್ತೆ. ನೋಡೋಕೆ ಅಸಹ್ಯ, ಆದರೆ ರೋಗಾಣುಗಳನ್ನು ತಡೆಯೋದರಲ್ಲಿ ಮುಖ್ಯ ಪಾಲು ಆ ಪದರದ್ದೇ.

ಇದರ ಬೆಲೆ ಜಗತ್ತಿಗೆ ಗೊತ್ತಾಗಿದ್ದು 1892ರಲ್ಲಿ, ತಾನ್ಸಾ ನೀರು ಮುಂಬೈಗೆ ಬಂದ ವರ್ಷವೇ. ಜರ್ಮನಿಯ ಹ್ಯಾಂಬರ್ಗ್ ಮತ್ತು ಆಲ್ಟೋನಾ ಆಗ ಅಂಟಿಕೊಂಡಿದ್ದ ಊರುಗಳು, ದಾದರ್–ಮಾಟುಂಗಾ ಇದ್ದ ಹಾಗೆ. ಎರಡೂ ಎಲ್ಬೆ ನದಿಯ ನೀರನ್ನೇ ಕುಡೀತಿದ್ದವು. ಹ್ಯಾಂಬರ್ಗ್ ಫಿಲ್ಟರ್ ಇಲ್ಲದೆ. ಆಲ್ಟೋನಾ ಕೆಳದಂಡೆಯಲ್ಲಿತ್ತು, ಅಂದರೆ ಹ್ಯಾಂಬರ್ಗಿನ ಚರಂಡಿ ಸೇರಿದ ನೀರು ಅದರ ಪಾಲಿಗೆ, ಆದರೆ ಮರಳಲ್ಲಿ ಸೋಸಿ ಕುಡೀತಿತ್ತು. ಆ ವರ್ಷ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ ಸುಮಾರು 8,600 ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಬಚಾವಾಯ್ತು.

ಕಥೆ ಅಲ್ಲಿಗೆ ನಿಲ್ಲಲ್ಲ. ಮುಂದಿನ ಚಳಿಗಾಲದಲ್ಲಿ ಆಲ್ಟೋನಾದಲ್ಲೂ ಸಣ್ಣದಾಗಿ ಕಾಲರಾ ಕಾಣಿಸಿಕೊಳ್ತು. ರಾಬರ್ಟ್ ಕಾಖ್ ಪರಿಶೀಲಿಸಿದ. ಕಡುಚಳಿಯಲ್ಲಿ ಒಂದು ಫಿಲ್ಟರ್ ಬೆಡ್ಡನ್ನು ಖಾಲಿ ಮಾಡಿ ಶುಚಿಗೊಳಿಸುವಾಗ ಮರಳು ಹೆಪ್ಪುಗಟ್ಟಿ, ಅದು ಸರಿಯಾಗಿ ಕೆಲಸ ಮಾಡದೆ ಹೋಗಿತ್ತು. ತೊಂದರೆ ಶುರುವಾದದ್ದು ತೊಳೆಯುವ ಹೊತ್ತಿನಲ್ಲಿ, ಕೊಳಕಾದ ಹೊತ್ತಿನಲ್ಲಿ ಅಲ್ಲ. ಅದಕ್ಕೇ ಮರಳಿನ ಫಿಲ್ಟರ್ ನೋಡಿಕೊಳ್ಳುವವರು ಒಂದು ಕಟ್ಟುನಿಟ್ಟು ಇಟ್ಟುಕೊಂಡಿದ್ದಾರೆ. ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕೆರೆದು ತೆಗೆಯಬೇಕು. ಒಂದು ಬೆಡ್ ಕೆರೆದಾಗ ಉಳಿದವು ಓಡ್ತಿರಬೇಕು. ಕೆರೆದ ಬೆಡ್ಡಿನ ನೀರನ್ನು ಅದು ಮತ್ತೆ ಹಣ್ಣಾಗುವವರೆಗೆ ಊರಿಗೆ ಬಿಡಬಾರದು. ನಾವು ಸರ್ವರ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡ್ತೀವಲ್ಲ, ಎಲ್ಲವನ್ನೂ ಒಟ್ಟಿಗೆ ಇಳಿಸಲ್ಲವಲ್ಲ, ಅದೇ ಶಿಸ್ತು.

ಭಾಂಡುಪ್, ಮತ್ತು ಕೊಳಾಯಿಯಲ್ಲಿರುವ ಕ್ಲೋರಿನ್

ಊರು ಬೆಳೆದಾಗ ನಿಧಾನದ ಮರಳು ಸಾಲದಾಯ್ತು, ಅದಕ್ಕೆ ಬೇಕಾದ ಜಾಗ ಎಲ್ಲಿಂದ ತರೋದು? ಅಮೆರಿಕದಲ್ಲಿ ವೇಗದ ಮರಳು ಫಿಲ್ಟರ್ ಬಂತು. ಬೆಂಗಳೂರಿನವರು ಮಲ್ಲೇಶ್ವರದ ‘ಜ್ಯುವೆಲ್ ಫಿಲ್ಟರ್’ ಹೆಸರು ಕೇಳಿರ್ತೀರಿ. ಹೆಸರಘಟ್ಟದ ನೀರನ್ನು ಸೋಸುತ್ತಿದ್ದ ಆ ಜಾಗಕ್ಕೆ ಹೆಸರು ಬಂದದ್ದು ಅಂಥದೊಂದು ಅಮೆರಿಕನ್ ಫಿಲ್ಟರಿನಿಂದ. ಇದರಲ್ಲಿ ಮೊದಲು ಪಟಿಕದಂಥ ವಸ್ತು ಹಾಕಿ ಕೆಸರನ್ನು ಗಂಟು ಕಟ್ಟಿಸಿ ತಳಕ್ಕೆ ಇಳಿಸ್ತಾರೆ, ಆಮೇಲೆ ಮರಳಲ್ಲಿ ಬೇಗ ಸೋಸ್ತಾರೆ. ಮರಳು ಕಟ್ಟಿಕೊಂಡಾಗ ಕೆಳಗಿಂದ ಮೇಲಕ್ಕೆ ರಭಸವಾಗಿ ನೀರು ನುಗ್ಗಿಸಿ ತೊಳೀತಾರೆ. ಇಲ್ಲಿ ಲೋಳೆ ಪದರದ ಸಂಸಾರಕ್ಕೆ ಸಮಯವೇ ಇಲ್ಲ. ಆ ಕೊರತೆ ತುಂಬೋಕೆ ಕೊನೆಯಲ್ಲಿ ಕ್ಲೋರಿನ್.

ಮುಂಬೈನ ಭಾಂಡುಪ್ ಶುದ್ಧೀಕರಣ ಕೇಂದ್ರ ಈ ಬಗೆಯದು. 1980ರ ಹೊತ್ತಿಗೆ ಶುರುವಾದ ಈ ಕೇಂದ್ರದ ಮೂಲ ಸಾಮರ್ಥ್ಯ ದಿನಕ್ಕೆ 191 ಕೋಟಿ ಲೀಟರ್. ನೀವು ಬೆಳಗ್ಗೆ ಕುಡಿಯುವ ನೀರು ಬಹುಶಃ ಅಲ್ಲಿಂದಲೇ ಬಂದದ್ದು. ಅದರೊಳಗೆ ಸ್ವಲ್ಪ ಕ್ಲೋರಿನ್ ಉಳಿದಿರಬೇಕು, ಕೊಳವೆ ದಾರಿಯಲ್ಲಿ ರೋಗಾಣು ಸೇರಿದರೆ ಕೊಲ್ಲೋಕೆ. ನಮಗೆ ಅದು ರಕ್ಷೆ. ಆದರೆ ಕೊಳದ ಫಿಲ್ಟರ್ ಸ್ಪಂಜನ್ನು ಅದೇ ನೀರಿನ ಕೆಳಗೆ ಹಿಡಿದರೆ ಶ್ಲೋಸಿಂಗ್‌ನ ಕ್ಲೋರೊಫಾರ್ಮ್ ಪ್ರಯೋಗವನ್ನು ನಾವು ಮತ್ತೊಮ್ಮೆ ಮಾಡಿದ ಹಾಗೆ. ತಿಕ್ಕಿದ್ದು ಅರ್ಧ ಕೊಂದಿತು, ಕ್ಲೋರಿನ್ ಇನ್ನರ್ಧ. ಒಂದೇ ‘ಶುಚಿ’ ಅನ್ನೋ ಪದವನ್ನು ನಾವು ಎರಡು ಬೇರೆ ಫಿಲ್ಟರ್‌ಗಳಿಗೆ ಬಳಸ್ತಿದ್ದೀವಿ. ಭಾಂಡುಪ್‌ಗೆ ಸರಿಯಾದ ಶುಚಿ ಸೊಸೈಟಿ ಕೊಳಕ್ಕೆ ವಿಷ.

ಮೊನ್ನೆ ಮೊನ್ನೆಯ ಎರಡು ಘಟನೆ

ಇದೆಲ್ಲ ಹಳೇ ಕಥೆ ಅನ್ನಬೇಡಿ. 2024ರ ಜೂನ್‌ನಲ್ಲಿ ಬಾಣಗಂಗಾದ ಹೂಳು ತೆಗೆಯುವ ಕೆಲಸ ನಡೀತಿತ್ತು. ಗುತ್ತಿಗೆದಾರರು ಹೂಳೆತ್ತೋಕೆ ಯಂತ್ರವನ್ನೇ ಕೊಳಕ್ಕೆ ಇಳಿಸಿದರು. ಅದರ ಭಾರಕ್ಕೆ ಶತಮಾನಗಳ ಹಳೇ ಕಲ್ಲಿನ ಮೆಟ್ಟಿಲುಗಳು ಒಡೆದವು. ಪಾಲಿಕೆಯೇ ಪೊಲೀಸ್ ದೂರು ಕೊಡಬೇಕಾಯ್ತು, ಮೆಟ್ಟಿಲು ಸರಿಪಡಿಸಬೇಕಾಯ್ತು. ಉದ್ದೇಶ ಒಳ್ಳೆಯದೇ, ಹೂಳು ತೆಗೀಬೇಕಿತ್ತು. ಆದರೆ ಕೊಳ ಬಲ್ಲವರಿಗೂ ಕೆಲಸ ಮುಗಿಸಬೇಕಾದವರಿಗೂ ನಡುವೆ ಮಾತು ಇರಲಿಲ್ಲ.

ಎರಡನೆಯದು ಮಲಬಾರ್ ಹಿಲ್ ಜಲಾಶಯ. ಹಳೆಯದಾಯ್ತು, ಕೆಡವಿ ಹೊಸದು ಕಟ್ಟೋಣ ಅಂತ ಪಾಲಿಕೆ ಸುಮಾರು 698 ಕೋಟಿ ರೂಪಾಯಿ ಯೋಜನೆ ಮಾಡಿತು. ಅದಕ್ಕಾಗಿ 389 ಮರಗಳಿಗೆ ಕುತ್ತು ಬರ್ತಿತ್ತು. ಸ್ಥಳೀಯರು ಎದ್ದು ನಿಂತರು. ಐಐಟಿ ಬಾಂಬೆಯ ತಜ್ಞರೂ ಇದ್ದ ಸಮಿತಿ ಜಲಾಶಯದ ಒಳಗಿಳಿದು ನೋಡಿತು. ಪೂರ್ತಿ ಕೆಡವಬೇಕಿಲ್ಲ, ಒಂದೊಂದು ಭಾಗ ಖಾಲಿ ಮಾಡುತ್ತ ದುರಸ್ತಿ ಮಾಡಬಹುದು ಅನ್ನೋ ಅಭಿಪ್ರಾಯ ಅಲ್ಲಿಂದ ಬಂತು. ಆ ಕಾಲದಲ್ಲಿ ಕಟ್ಟಿದವರು ಜಲಾಶಯವನ್ನು ವಿಭಾಗಗಳಾಗಿ ಕಟ್ಟಿದ್ದು ಇದೇ ಕಾರಣಕ್ಕೆ: ಒಂದನ್ನು ತೊಳೆಯುವಾಗ ಇನ್ನೊಂದು ಊರಿಗೆ ನೀರು ಕೊಡ್ತಿರಲಿ ಅಂತ. ನಿರ್ವಹಣೆಯ ದಾರಿ ಕಟ್ಟಡದೊಳಗೇ ಇತ್ತು.

ನಮ್ಮ ಕೊಳಕ್ಕೆ ಇದನ್ನು ಹೇಗೆ ಹಚ್ಚೋದು

ಇಂಟರ್ನೆಟ್ಟಿನಲ್ಲಿ ಸಿಗುವ ಕೊಳದ ಸಲಹೆಗಳಲ್ಲಿ ಬಹುಪಾಲು ಇಂಗ್ಲೆಂಡಿನವು. ಚಳಿಗಾಲದಲ್ಲಿ ಪಂಪು ನಿಲ್ಲಿಸಿ, ವಸಂತದಲ್ಲಿ ಶುರು ಮಾಡಿ ಅಂತ ಇರುತ್ತೆ. ಮುಂಬೈನ ಬ್ಯಾಕ್ಟೀರಿಯಾಗಳಿಗೆ ರಜೆ ಇಲ್ಲ, ವರ್ಷವಿಡೀ ದುಡೀತವೆ. ನಮ್ಮ ಪಂಚಾಂಗ ಬೇರೆ.

ಪಂಪು ಇಪ್ಪತ್ನಾಲ್ಕು ಗಂಟೆ ಓಡಬೇಕು. ಕರೆಂಟ್ ಬಿಲ್ ಉಳಿಸೋಕೆ ರಾತ್ರಿ ಆಫ್ ಮಾಡುವ ಸೊಸೈಟಿಗಳಿವೆ. ನೀರು ಹರಿಯದಿದ್ದರೆ ಡಬ್ಬದೊಳಗಿನ ಬ್ಯಾಕ್ಟೀರಿಯಾ ಕೆಲವೇ ಗಂಟೆಯಲ್ಲಿ ಉಸಿರುಗಟ್ಟುತ್ತವೆ, ಬೆಳಗ್ಗೆ ಆನ್ ಮಾಡಿದಾಗ ಕೊಳೆತದ್ದೆಲ್ಲ ಕೊಳಕ್ಕೆ ಬರುತ್ತೆ. ಫಿಲ್ಟರಿನಿಂದ ಬರುವ ನೀರಿನ ರಭಸ ಕಡಿಮೆ ಆದಾಗ ತೊಳೀಬೇಕು, ಕ್ಯಾಲೆಂಡರ್ ನೋಡಿ ಅಲ್ಲ. ಕೊಳದ ನೀರನ್ನೇ ಒಂದು ಬಕೆಟ್ಟಿಗೆ ತಗೊಂಡು, ಸ್ಪಂಜನ್ನು ಅದರಲ್ಲಿ ಎರಡು ಮೂರು ಸಲ ಹಿಂಡಿದರೆ ಸಾಕು. ಕಂದು ಬಣ್ಣ ಉಳಿದಿರಲಿ, ಅದು ನಿಮ್ಮ ಬಂಡವಾಳ. ಕಲ್ಲು, ಉಂಡೆಗಳನ್ನು ಆದಷ್ಟೂ ಮುಟ್ಟಬೇಡಿ. ಮುಟ್ಟಲೇಬೇಕಾದರೆ ಈ ಸಲ ಅರ್ಧ, ಮೂರು ನಾಲ್ಕು ವಾರ ಬಿಟ್ಟು ಇನ್ನರ್ಧ. ಬಕೆಟ್ಟಿನ ಕೊಳೆ ನೀರನ್ನು ಗಿಡಕ್ಕೆ ಹಾಕಿ, ಅದಕ್ಕಿಂತ ಒಳ್ಳೆ ಗೊಬ್ಬರ ಸಿಗಲ್ಲ. ಕೊಳಕ್ಕೆ ಹೊಸ ನೀರು ಸೇರಿಸುವಾಗ ಕೊಳಾಯಿ ನೀರನ್ನು ಒಂದು ದಿನ ತೆರೆದ ತೊಟ್ಟಿಯಲ್ಲಿ ಇಟ್ಟು ಆಮೇಲೆ ಬಿಡಿ, ಅಥವಾ ಕ್ರಾಫರ್ಡ್ ಮಾರ್ಕೆಟ್ಟಿನ ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಕ್ಲೋರಿನ್ ತೆಗೆಯುವ ದ್ರಾವಣ ಬಳಸಿ.

ಮಳೆಗಾಲ ಬಂದರೆ ಇನ್ನೊಂದು ಲೆಕ್ಕ. ಇಲ್ಲಿ ನಾಲ್ಕು ತಿಂಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆನೀರಿನಲ್ಲಿ ಸುಣ್ಣದಂಶ ಇರಲ್ಲ, ಬ್ಯಾಕ್ಟೀರಿಯಾಕ್ಕೆ ಅಮೋನಿಯ ಅರಗಿಸೋಕೆ ಅದು ಬೇಕೇ ಬೇಕು. ಶ್ಲೋಸಿಂಗ್ ಕೊಳವೆಗೆ ಸುಣ್ಣಕಲ್ಲು ತುಂಬಿದ್ದನ್ನು ನೆನಪಿಸಿಕೊಳ್ಳಿ. ಜೂನ್‌ಗೆ ಮೊದಲು ಫಿಲ್ಟರಿನಲ್ಲಿ ಒಂದು ಹಿಡಿ ಕಪ್ಪೆಚಿಪ್ಪನ್ನು ಬಲೆ ಚೀಲದಲ್ಲಿ ಕಟ್ಟಿ ಇಟ್ಟರೆ ನಿಧಾನವಾಗಿ ಕರಗಿ ಆ ಕೊರತೆ ತುಂಬುತ್ತೆ. ಕೊಳ ತುಂಬಿ ಮೀನು ಚರಂಡಿ ಪಾಲಾಗದಂತೆ ಕೋಡಿಗೆ ಬಲೆ ಹಾಕಿ.

ಇನ್ನು ಸೊಳ್ಳೆ. ಮೊಟ್ಟೆಯಿಂದ ಸೊಳ್ಳೆಯಾಗೋಕೆ ಇಲ್ಲಿನ ಬಿಸಿಗೆ ವಾರ, ಹತ್ತು ದಿನ ಸಾಕು. ಪಾಲಿಕೆಯವರು ಬಂದು ಲಾರ್ವಾ ಕಂಡರೆ ನೋಟಿಸ್ ಕೊಡ್ತಾರೆ, ಅದು ಸರಿಯೂ ಹೌದು. ನೋಟಿಸ್ ಬಂದ ಕೂಡಲೇ ಜನರಲ್ ಬಾಡಿ ಮೀಟಿಂಗಿನಲ್ಲಿ ಒಂದು ಠರಾವು ಬರುತ್ತೆ: ‘ಕೊಳ ಮುಚ್ಚಿ, ಟೈಲ್ಸ್ ಹಾಕಿ, ಬೆಂಚು ಇಡೋಣ.’ ಗೋವಾಲಿಯಾ ಟ್ಯಾಂಕ್ ಮೈದಾನವಾದದ್ದೂ ಇದೇ ತರ್ಕದಲ್ಲಿ. ನೀರು ಓಡ್ತಿದ್ದರೆ, ಲಾರ್ವಾ ತಿನ್ನುವ ಗಪ್ಪಿಯಂಥ ಮೀನು ಇದ್ದರೆ, ಮೂಲೆಯಲ್ಲಿ ನಿಂತ ನೀರು ಇಲ್ಲದಿದ್ದರೆ ಸೊಳ್ಳೆ ಅಲ್ಲಿ ಬದುಕೋದು ಕಷ್ಟ. ಕೊಳ ಸೊಳ್ಳೆ ಹುಟ್ಟಿಸಲ್ಲ, ಕೆಟ್ಟು ನಿಂತ ಪಂಪು ಹುಟ್ಟಿಸುತ್ತೆ. ಒಂದು ಎಚ್ಚರಿಕೆ: ಬೇಡವಾದ ಗಪ್ಪಿ, ಗ್ಯಾಂಬೂಸಿಯಾಗಳನ್ನು ಪೊವಾಯಿ ಕೆರೆಗೋ ಇನ್ನೆಲ್ಲಿಗೋ ಬಿಡಬೇಡಿ. ಹೊರಗಿಂದ ಬಂದ ಮೀನುಗಳು ಅವು, ಸ್ಥಳೀಯ ಮೀನಿನ ಮರಿ, ಮೊಟ್ಟೆಯನ್ನೂ ಬಿಡಲ್ಲ.

ಕಡೆಯದಾಗಿ ಒಂದು ಮಾತು. ಇಷ್ಟೆಲ್ಲ ತಿಳಿವಳಿಕೆ ನಿಮ್ಮ ತಲೆಯಲ್ಲಿದ್ದರೆ ಪ್ರಯೋಜನವಿಲ್ಲ, ಸ್ಪಂಜು ಹಿಂಡುವ ಕೈಗೆ ಗೊತ್ತಿರಬೇಕು. ಹೌಸ್‌ಕೀಪಿಂಗ್ ಗುತ್ತಿಗೆ ಬದಲಾದಾಗಲೆಲ್ಲ ಹೊಸಬರು ಬರ್ತಾರೆ, ಅವರಿಗೆ ಸಿಗುವ ಸೂಚನೆ ಒಂದೇ: ‘ಚೆನ್ನಾಗಿ ತೊಳಿ.’ ನಮ್ಮ ಆಫೀಸಿನಲ್ಲಿ ಯಾರಾದರೂ ಪ್ರಾಜೆಕ್ಟ್ ಬಿಟ್ಟರೆ ತಿಂಗಳುಗಟ್ಟಲೆ ನಾಲೆಡ್ಜ್ ಟ್ರಾನ್ಸ್‌ಫರ್ ಮಾಡಿಸ್ತೀವಿ. ಕೊಳದ ಹುಡುಗನಿಗೆ ಹತ್ತು ನಿಮಿಷ ಕೊಡಲ್ಲ. ಫಿಲ್ಟರ್ ಡಬ್ಬದ ಮುಚ್ಚಳದ ಒಳಗೆ ಅವನಿಗೆ ಬರುವ ಭಾಷೆಯಲ್ಲಿ, ಮರಾಠಿಯೋ ಹಿಂದಿಯೋ, ನಾಲ್ಕು ಸಾಲು ಬರೆದು ಅಂಟಿಸಿ. ಕೊಳದ ಜವಾಬ್ದಾರಿ ಒಬ್ಬರೇ ಒಬ್ಬರಿಗೆ ಕೊಡಿ, ಅದಕ್ಕಾಗಿ ತಿಂಗಳಿಗೆ ಒಂದಿಷ್ಟು ಹೆಚ್ಚು ಸಂಬಳವನ್ನು ಸೊಸೈಟಿ ಬಜೆಟ್ಟಿನಲ್ಲಿ ಬೇರೆಯಾಗಿ ಬರೆದಿಡಿ. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಕೆತ್ತಿದ್ದು ಇದನ್ನೇ. ನೀರುಗಂಟಿ ಇದ್ದಷ್ಟು ಕಾಲ ಕೆರೆ ಇತ್ತು.

ನಿಮ್ಮ ಸೊಸೈಟಿಯ ಕೊಳವನ್ನು ನೋಡಿಕೊಳ್ಳುವವರ ಹೆಸರು ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆ ಆಫೀಸಿಗೆ ಹೊರಡುವಾಗ ಕೇಳಿ. ಅಲ್ಲಿಂದ ಶುರು ಮಾಡಿ. ಮುಂದಿನ ವಾರ ಸಿಗೋಣ.